ಸ್ಪೆಕ್ಟ್ರಮ್ ಅನಲೈಸರ್: ಸೂಕ್ಷ್ಮತೆಯೂ ಬೇಕು, ಇನ್‌ಪುಟ್ ಕೂಡ ಉಳಿಯಬೇಕು

5 ವಾಟ್‌ನ ವಾಕಿಟಾಕಿಯ ಔಟ್‌ಪುಟ್ಟನ್ನೂ ಆಂಟೆನಾದಿಂದ ಬರುವ ದುರ್ಬಲ ಸಿಗ್ನಲ್ಲನ್ನೂ ಒಂದೇ ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ (ಯಾವ ಆವರ್ತನದಲ್ಲಿ ಎಷ್ಟು ಸಿಗ್ನಲ್ ಇದೆ ಎಂದು ತೋರಿಸುವ ಉಪಕರಣ), ಇನ್‌ಪುಟ್ ಸುಡದಂತೆ ಅಳೆಯುವುದು ಹೇಗೆಂದು ಕೇಳಿದ್ದೀರಿ. ಎರಡಕ್ಕೂ ಒಂದೇ ಜೋಡಣೆ ಸರಿಹೊಂದುವುದಿಲ್ಲ.

5 ವಾಟ್ ಎಂದರೆ +37 ಡಿಬಿಎಂ (1 ಮಿಲಿವಾಟ್‌ಗೆ ಹೋಲಿಸಿ ಡೆಸಿಬೆಲ್‌ನಲ್ಲಿ ಹೇಳುವ ಶಕ್ತಿಯ ಅಳತೆ). ಪ್ರಯೋಗಾಲಯದ ಅನೇಕ ಅನಲೈಸರ್‌ಗಳ ಗರಿಷ್ಠ ಮಿತಿ +30 ಡಿಬಿಎಂ. ಅಂಗೈ ಗಾತ್ರದವುಗಳಲ್ಲಿ ಅದು ಇನ್ನೂ ಕಡಿಮೆ. ಹೊರಗೆ ಸಿಗ್ನಲ್ ಕುಗ್ಗಿಸುವ 40 ಡೆಸಿಬೆಲ್ ಅಟೆನ್ಯುಯೇಟರ್ ಹಾಕಿದರೆ ಒಳಗೆ ಹೋಗುವುದು -3 ಡಿಬಿಎಂ ಮಾತ್ರ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅದನ್ನು ಕೊಳ್ಳುವಾಗ ಡೆಸಿಬೆಲ್ ಜೊತೆಗೆ ವಾಟ್ ಸಾಮರ್ಥ್ಯವನ್ನೂ ನೋಡಿ. 2 ವಾಟ್‌ನದು ಇಲ್ಲಿ ಬೆಂದುಹೋಗುತ್ತದೆ, 10 ವಾಟ್‌ನದು ಇರಲಿ. ಕೇಬಲ್‌ನಲ್ಲಿ ಡಿಸಿ ವೋಲ್ಟೇಜ್ ಇರುವ ಸಾಧ್ಯತೆಯಿದ್ದರೆ ಅದನ್ನು ತಡೆಯುವ ಡಿಸಿ ಬ್ಲಾಕ್ ಕಡ್ಡಾಯ.

ದುರ್ಬಲ ಸಿಗ್ನಲ್‌ಗೆ ಇದೇ ರಕ್ಷಣೆ ಅಡ್ಡಿಯಾಗುತ್ತದೆ, ಏಕೆಂದರೆ ಪ್ರತಿ 10 ಡೆಸಿಬೆಲ್ ಅಟೆನ್ಯುಯೇಷನ್‌ಗೂ ಅನಲೈಸರ್‌ನ ಸ್ವಂತ ನಾಯ್ಸ್ ಮಟ್ಟ ಸಿಗ್ನಲ್‌ಗೆ ಹೋಲಿಸಿದರೆ 10 ಡೆಸಿಬೆಲ್ ಏರುತ್ತದೆ. ಆದರೆ ದುರ್ಬಲ ಸಿಗ್ನಲ್ಲನ್ನು ಹಿಗ್ಗಿಸುವ ಪ್ರೀಆಂಪ್ಲಿಫೈಯರ್‌ಗೆ ಕೈಹಾಕುವ ಮೊದಲು ರೆಸಲ್ಯೂಷನ್ ಬ್ಯಾಂಡ್‌ವಿಡ್ತನ್ನು (ಒಮ್ಮೆಗೆ ಅಳೆಯುವ ಆವರ್ತನ ಪಟ್ಟಿಯ ಅಗಲ) ಹತ್ತನೇ ಒಂದು ಭಾಗಕ್ಕೆ ಇಳಿಸಿ ನೋಡಿ: ಸ್ವೀಪ್ (ಇಡೀ ವ್ಯಾಪ್ತಿಯನ್ನು ಒಮ್ಮೆ ಅಳೆದು ಮುಗಿಸುವುದು) ನಿಧಾನವಾಗುತ್ತದೆ, ನಾಯ್ಸ್ 10 ಡೆಸಿಬೆಲ್ ಇಳಿಯುತ್ತದೆ, ಅಪಾಯವೇನೂ ಇಲ್ಲ. ಬೆಂಗಳೂರಿನಲ್ಲಿ 101.3 ಮೆಗಾಹರ್ಟ್ಸ್‌ನ ಆಕಾಶವಾಣಿ ಸೇರಿದಂತೆ ಎಫ್‌ಎಂ ಕೇಂದ್ರಗಳು ಪ್ರಬಲವಾಗಿರುವುದರಿಂದ, ನೀವು ಬೇರೆ ಬ್ಯಾಂಡ್ ನೋಡುತ್ತಿದ್ದರೂ ಅವು ಪ್ರೀಆಂಪ್ಲಿಫೈಯರ್ ಅನ್ನು ಓವರ್‌ಲೋಡ್ ಮಾಡಬಲ್ಲವು. ಪ್ರೀಆಂಪ್ಲಿಫೈಯರ್‌ಗೂ ಮೊದಲು ಎಫ್‌ಎಂ ತಡೆಯುವ ಫಿಲ್ಟರ್ ಇರಬೇಕು.

ಓವರ್‌ಲೋಡ್‌ನ ಅನುಮಾನ ಬಂದಾಗ ಒಳಗಿನ ಅಟೆನ್ಯುಯೇಟರನ್ನು 10 ಡೆಸಿಬೆಲ್ ಹೆಚ್ಚಿಸಿ. ನಾಯ್ಸ್‌ಗಿಂತ ಸಾಕಷ್ಟು ಮೇಲಿರುವ ಸಿಗ್ನಲ್‌ನ ಅಳತೆ ಬದಲಾಗಬಾರದು. ಬದಲಾದರೆ ಅನಲೈಸರ್ ಓವರ್‌ಲೋಡ್ ಆಗಿತ್ತು ಎಂದೇ ಅರ್ಥ. ಡಯೋಡ್ ಲಿಮಿಟರನ್ನು (ಮಿತಿ ಮೀರಿದ ಸಿಗ್ನಲ್ಲನ್ನು ಕತ್ತರಿಸುವ ಭಾಗ) ಶಾಶ್ವತವಾಗಿ ಜೋಡಿಸುವ ಸಲಹೆಯನ್ನು ನಾನು ಒಪ್ಪುವುದಿಲ್ಲ; ಅದು ಮಿತಿಯ ಸಮೀಪದಲ್ಲಿ ತಾನೇ ಹಾರ್ಮೋನಿಕ್‌ಗಳನ್ನು (ಮೂಲ ಆವರ್ತನದ ಗುಣಕಗಳಲ್ಲಿ ಕಾಣುವ ಸುಳ್ಳು ಸಿಗ್ನಲ್‌ಗಳು) ಹುಟ್ಟಿಸುತ್ತದೆ.