ಆಫೀಸ್ ಕೆಲಸದ ನಡುವೆ ಎಡಿಎಚ್‌ಡಿ ನಿಭಾಯಿಸುವುದು ಹೇಗೆ?

ಮೂವತ್ತೈದು ದಾಟಿದ ಮೇಲೆ ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಚಡಪಡಿಸುವ ತೊಂದರೆ) ಅಂತ ಗೊತ್ತಾಯ್ತು, ಮೀಟಿಂಗ್‌ಗಳ ಮಧ್ಯೆ ಕೆಲಸ ಮುಗಿಸೋದು ಹೇಗೆ ಅಂತ ಕೇಳಿದ್ದೀರಿ.

'ನಾಳೆಯಿಂದ ಶಿಸ್ತಾಗಿರ್ತೀನಿ' ಅನ್ನೋ ಶಪಥ ಮೊದಲು ಬಿಡಿ. ಏನು ಮಾಡಬೇಕು ಅಂತ ನಿಮಗೆ ಗೊತ್ತೇ ಇರುತ್ತದೆ. ಶುರು ಮಾಡುವುದೇ ಕಷ್ಟ. ಹಾಗಾಗಿ ಎಲ್ಲವನ್ನೂ ತಲೆಯಿಂದ ಕಾಗದಕ್ಕೆ ಇಳಿಸಿ. ಬಾಸ್ ಬಾಯಲ್ಲಿ ಹೇಳಿದ ಕೆಲಸಕ್ಕೆ "ಒಂದು ಮೇಲ್ ಹಾಕಿಬಿಡಿ ಸಾರ್" ಅನ್ನಿ. ಪ್ರತಿ ಮೀಟಿಂಗ್ ಆದಮೇಲೆ ಹತ್ತು ನಿಮಿಷ ಖಾಲಿ ಇಟ್ಟುಕೊಂಡು, ಒಪ್ಪಿಕೊಂಡದ್ದನ್ನು ಆಗಲೇ ಬರೆಯಿರಿ. 'ರಿಪೋರ್ಟ್ ಮುಗಿಸು' ಅಂತ ಬರೆದರೆ ಕೈ ಓಡಲ್ಲ. 'ಎಕ್ಸೆಲ್ ತೆಗೆದು ಜೂನ್ ತಿಂಗಳ ಅಂಕಿ ತುಂಬು' ಅಂದರೆ ಓಡುತ್ತದೆ. ಆಗಲೂ ಆಗದಿದ್ದರೆ ಯಾರಾದರೂ ಸಹೋದ್ಯೋಗಿ ಪಕ್ಕ ಹೋಗಿ ಕೂತು ಮಾಡಿ. ವಿಚಿತ್ರ ಅನಿಸಬಹುದು, ಆದರೆ ಹಲವರಿಗೆ ಉಪಯೋಗವಾಗಿದೆ.

ಮಾತ್ರೆಗೆ ಹೆದರಬೇಡಿ. ಮನೋವೈದ್ಯರು ಬರೆದುಕೊಡುವ ಮಿಥೈಲ್‌ಫೆನಿಡೇಟ್ ಅದೇ ದಿನ ಪರಿಣಾಮ ತೋರಿಸಬಹುದು, ಆಟೊಮಾಕ್ಸೆಟಿನ್‌ಗೆ ಕೆಲವು ವಾರ ಬೇಕು. ಎರಡಕ್ಕೂ ಬಿಪಿ, ನಾಡಿಬಡಿತ ನೋಡಿಸುತ್ತಿರಬೇಕು.

ರೀಲ್ಸ್ ನೋಡಿ ನೀವೇ ತೀರ್ಮಾನಿಸಿದ್ದರೆ ಮಾತ್ರ ಮೊದಲು ಸರಿಯಾಗಿ ತಪಾಸಣೆ ಮಾಡಿಸಿ. 12 ವರ್ಷಕ್ಕೆ ಮುಂಚೆ ಲಕ್ಷಣಗಳಿದ್ದವಾ ಅಂತ ಕೇಳುತ್ತಾರೆ. ಅಮ್ಮನನ್ನು ಕರೆದುಕೊಂಡು ಹೋದರೆ ಒಳ್ಳೆಯದು. ನಿದ್ದೆಗೇಡು, ಆತಂಕ, ಥೈರಾಯ್ಡ್ ತೊಂದರೆಯಲ್ಲೂ ಗಮನ ಹೀಗೇ ಚದುರುತ್ತದೆ.