ಕ್ರಿಸ್‌ಮಸ್ ಕೊನೇ ವಾರದ ಗಡಿಬಿಡಿಗೆ

ಬಟ್ಟೆ, ಕೇಕ್, ಕರ್ಜಿಕಾಯಿ ಎಲ್ಲಾ ಡಿಸೆಂಬರ್ 20ರ ಮೇಲೇ ಮೈಮೇಲೆ ಬೀಳುತ್ತೆ ಅಂದಿರಿ. ಅದಕ್ಕೆ ಮೂಲ ಟೈಲರ್ ಅನ್ನಿಸುತ್ತೆ. ದೀಪಾವಳಿ ಮುಗಿದ ಮೇಲೆ ಧನುರ್ಮಾಸ ಹಿಡಿಯುವವರೆಗೂ, ಅಂದ್ರೆ ಡಿಸೆಂಬರ್ 16ರ ಸುಮಾರಿನವರೆಗೂ, ದಾವಣಗೆರೆ ಟೈಲರ್‌ಗಳ ಹತ್ರ ಮದುವೆ ಬ್ಲೌಸ್‌ಗಳದ್ದೇ ರಾಶಿ. ನಿಮ್ಮ ಬಟ್ಟೆ ಅದರ ಅಡಿಗೆ ಹೋಗುತ್ತೆ.

ಮೊದಲು ಬಟ್ಟೆ ಕೊಡಿ, ನವೆಂಬರ್ ಮೊದಲ ವಾರದಲ್ಲೇ. ಚೀಟಿಯಲ್ಲಿ ಡಿಸೆಂಬರ್ 10 ಅಂತ ಬರೆಸಿ. 24 ಅಂತ ಬಾಯಿ ಬಿಡಲೇಬೇಡಿ! ನಿಮ್ಮ ಟೈಲರ್ ಮದುವೆ ಕೆಲಸ ಹಿಡಿಯದಿದ್ದರೆ ಇಷ್ಟು ಮುಂಚೆ ಬೇಕಾಗಲಿಕ್ಕಿಲ್ಲ, ಕೇಳಿ ನೋಡಿ.

ಕೇಕಿನ ಒಣದ್ರಾಕ್ಷಿ ರಮ್ಮಿನಲ್ಲಾದ್ರೆ ನವೆಂಬರ್‌ನಲ್ಲೇ ನೆನೆಹಾಕಿ. ಕಿತ್ತಳೆ ರಸದಲ್ಲಾದ್ರೆ ಕೇಕ್ ಮಾಡೋ ಎರಡು ದಿನ ಮುಂಚೆ ಸಾಕು, ಫ್ರಿಜ್‌ನಲ್ಲಿಡಿ.

ಕರ್ಜಿಕಾಯಿ ಡಿಸೆಂಬರ್ 15ರ ಹೊತ್ತಿಗೆ ಕರಿಯಿರಿ. ಹಸಿ ಕಾಯಿ ಬೇಡ, ಒಣ ಕೊಬ್ಬರಿ ತುರಿದು ಹುರಿದು ಹಾಕಿ. ಪೂರ್ತಿ ಆರಿದ ಮೇಲೇ ಡಬ್ಬಿಗೆ ತುಂಬಿ, ಇಲ್ಲಾಂದ್ರೆ ಮೆತ್ತಗಾಗುತ್ತೆ. ಐದಾರು ತರ ತಿಂಡಿ ಸುಮ್ನೆ ಹಠ, ಎರಡು ಸಾಕಲ್ವಾ?