ಮೊದಲು ಕಪಾಟು, ಆಮೇಲೆ ಗ್ರಂಥ

ಓದುಗರ ಪತ್ರದ ಸಾರ: “ನಮ್ಮ ಬರವಣಿಗೆಯನ್ನು ಆರಂಭದಿಂದಲೂ ಓದಿ, ತಿದ್ದಿ, ಬೆಳೆಸಿದ ಹಿರಿಯ ಗೆಳೆಯರು ಎರಡು ತಿಂಗಳ ಹಿಂದೆ ತೀರಿಕೊಂಡರು. ವರ್ಷ ತುಂಬುವುದರೊಳಗೆ ಸಂಸ್ಮರಣ ಗ್ರಂಥ ತರಬೇಕೆಂದು ನಲವತ್ತು ಜನರಿಗೆ ಲೇಖನ ಕೇಳಿದೆವು. ಬಂದ ಹನ್ನೆರಡೂ ಒಂದೇ ಥರ ಇವೆ. ಏನು ಮಾಡುವುದು?”

ಪ್ರಿಯರೇ,

ಆ ಹನ್ನೆರಡರಲ್ಲಿ ‘ಸರಳ, ಸಜ್ಜನ, ನಿಗರ್ವಿ’ ಎಷ್ಟು ಸಲ ಬಂದಿದೆ ಎಂದು ಎಣಿಸಿ ನೋಡಿ. ದೋಷ ಬರೆದವರದಲ್ಲ, ಕೇಳಿದ ರೀತಿಯದು. ‘ಅವರ ಬಗ್ಗೆ ಒಂದು ಲೇಖನ ಕೊಡಿ’ ಅಂದರೆ ಯಾರ ಕೈಯಿಂದಲೂ ಹೊರಡುವುದು ಹೊಗಳಿಕೆಯೇ. ತೀರಿಕೊಂಡವರನ್ನು ಹೊನ್ನಶೂಲಕ್ಕೇರಿಸುವುದು ಬಹಳ ಸುಲಭ.

ಲೇಖನಗಳ ಮಾತು ಆಮೇಲೆ ನೋಡೋಣ. ಈಗ ತುರ್ತಾಗಿ ಆಗಬೇಕಾದ್ದು ಅವರ ಕಪಾಟಿನ ಕೆಲಸ. ಸಾವಾದ ಮನೆಯಲ್ಲಿ ಮೊದಲು ಖಾಲಿಯಾಗುವುದು ಹೋದವರ ಕೋಣೆ. ಮನೆಯವರಿಗೆ ಜಾಗ ಬೇಕಿರುತ್ತದೆ, ಕಾಗದಪತ್ರ ರದ್ದಿಗೆ ಹೋಗುತ್ತದೆ. ಅವರ ಒಪ್ಪಿಗೆ ಪಡೆದು, ಏನೇನು ಒಯ್ದಿರಿ, ಯಾವಾಗ ಹಿಂತಿರುಗಿಸುತ್ತೀರಿ ಎಂದು ಒಂದು ಪಟ್ಟಿ ಬರೆದು ಎರಡೂ ಕಡೆಯವರು ಸಹಿ ಹಾಕಿ. ಯಾವುದನ್ನೂ ಕದಲಿಸುವ ಮುನ್ನ ಪ್ರತಿಯೊಂದು ಅರೆಯ ಫೋಟೊ ತೆಗೆಯಿರಿ. ಯಾವ ಪತ್ರ ಯಾವ ಪುಸ್ತಕದೊಳಗಿತ್ತು ಎಂಬುದೂ ಮಾಹಿತಿಯೇ. ಉತ್ಸಾಹದಲ್ಲಿ ವಿಷಯವಾರು ಜೋಡಿಸಿಬಿಟ್ಟರೆ ಅದು ಮತ್ತೆ ಸಿಕ್ಕುವುದಿಲ್ಲ.

ರಬ್ಬರ್ ಬ್ಯಾಂಡ್, ತುಕ್ಕು ಹಿಡಿದ ಗುಂಡುಪಿನ್ನು ತೆಗೆಯಿರಿ. ಹರಿದದ್ದಕ್ಕೆ ಸೆಲ್ಲೊ ಟೇಪು ಬೇಡ, ಅದರ ಅಂಟು ಕೆಲವು ವರ್ಷದಲ್ಲಿ ಕಂದು ಕಲೆಯಾಗಿ ಅಕ್ಷರವನ್ನೇ ನುಂಗುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಮಾಡಿದ ಮೇಲೆ ಕಾಗದವನ್ನು ಕೆಡಿಸದೆ ಬಿಡಿಸಲಾಗದು. ಪತ್ರಿಕೆಯ ತುಣುಕುಗಳನ್ನು ಬೇರೆಯಾಗಿಡಿ, ಅವುಗಳ ಆಮ್ಲ ಪಕ್ಕದ ಹಾಳೆಗೂ ಹತ್ತುತ್ತದೆ. ಫೋಟೊಗಳ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ವರ್ಷ ಬರೆಯಿರಿ. ಬಾಲ್‌ಪೆನ್ನಾದರೆ ಒತ್ತು ಮುಂದಕ್ಕೆ ಮೂಡುತ್ತದೆ. ಮುಖ ಗುರುತಿಸಬಲ್ಲ ಹಿರಿಯರು ಇರುವಾಗಲೇ ಇದಾಗಲಿ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ‘ಒಮ್ಮೆ ಕೇಳಿ ನೋಡೋಣ’ ಎಂದು ಹಾಕಬೇಡಿ, ಬಲ್ಲವರಿಗೆ ಕೊಡಿ.

ಅವರ ಕಪಾಟಿಗಿಂತ ಬೆಲೆಯುಳ್ಳದ್ದು ನಿಮ್ಮ ನಿಮ್ಮ ಕಪಾಟುಗಳಲ್ಲಿರಬೇಕು: ಅವರು ತಿದ್ದಿಕೊಟ್ಟ ಹಸ್ತಪ್ರತಿಗಳು. ಮೊದಲ ಪ್ಯಾರಾಕ್ಕೆ ಪೂರ್ತಿ ಅಡ್ಡಗೆರೆ, ಎರಡನೆಯದರ ಪಕ್ಕ ‘ಕತೆ ಇಲ್ಲಿಂದ ಶುರು’, ‘ಅತ್ಯಂತ’ ಎಂಬ ಪದಕ್ಕೊಂದು ಸುತ್ತು, ಅಂಚಿನಲ್ಲಿ ‘ಇದನ್ನು ನೋಡಿದ್ದು ಯಾರು?’ ಎಂಬ ಪ್ರಶ್ನೆ. ಇಂಥ ಒಂದು ಪುಟ ಸಿಕ್ಕರೂ ಅವರು ಹೇಗೆ ಓದುತ್ತಿದ್ದರು ಎಂಬುದು ಕಣ್ಣೆದುರು ಬರುತ್ತದೆ. ಎಲ್ಲರಿಂದ ತರಿಸಿ, ಎಂಟು–ಹತ್ತು ಪುಟ ಆರಿಸಿ. ಬಣ್ಣದಲ್ಲೇ 400 ಡಿಪಿಐಗೆ (ಅಂದರೆ ಇಂಚಿಗೆ 400 ಚುಕ್ಕಿ) ಸ್ಕ್ಯಾನ್ ಮಾಡಿಸಿ. ಕಪ್ಪು–ಬಿಳುಪಿನ ಸೆಟ್ಟಿಂಗಿನಲ್ಲಿ ಪೆನ್ಸಿಲ್ ಗೆರೆ ಮಾಯವಾಗುತ್ತದೆ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಎ4 ಹಾಳೆ ಡೆಮಿ 1/8, ಅಂದರೆ ಸಾಮಾನ್ಯ ಪುಸ್ತಕದ ಅಳತೆಯ ಪುಟದ ಅಚ್ಚಿನ ಅಗಲಕ್ಕೆ ಇಳಿದರೆ ಹೆಚ್ಚುಕಡಿಮೆ ಅರ್ಧವಾಗುತ್ತದೆ, ಅಂಚಿನ ಟಿಪ್ಪಣಿ ಓದಲಾಗದು. ಆದ್ದರಿಂದ ಇಡೀ ಹಾಳೆ ಬೇಡ, ತಿದ್ದುಪಡಿ ದಟ್ಟವಾಗಿರುವ ಭಾಗವನ್ನಷ್ಟೇ ಕತ್ತರಿಸಿ ಹಾಕಿ. ಎದುರು ಪುಟದಲ್ಲಿ ಅದೇ ಭಾಗ ಕೊನೆಗೆ ಅಚ್ಚಾದ ರೂಪ, ಕೆಳಗೆ ವರ್ಷ, ಲೇಖಕರು ಯಾವ ತಿದ್ದುಪಡಿ ಒಪ್ಪಿದರು, ಯಾವುದನ್ನು ಒಪ್ಪಲಿಲ್ಲ ಎಂಬ ನಾಲ್ಕು ಸಾಲು. ಒಪ್ಪದೇ ಬಿಟ್ಟದ್ದು ಒಂದಾದರೂ ಇರಲಿ.

ಪತ್ರಗಳ ವಿಷಯದಲ್ಲಿ ಎಚ್ಚರ. ನಿಮಗೆ ಬಂದ ಪತ್ರದ ಕಾಗದ ನಿಮ್ಮದು, ಅದರಲ್ಲಿನ ಬರಹದ ಹಕ್ಕು ಬರೆದವರದು, ಅವರ ನಂತರ ವಾರಸುದಾರರದು. ಬಹುತೇಕ ದೇಶಗಳಲ್ಲಿ ಅದು ಬರೆದವರ ಸಾವಿನ ನಂತರ 50ರಿಂದ 70 ವರ್ಷ ಉಳಿಯುತ್ತದೆ. ಲಿಖಿತ ಅನುಮತಿ ಇಲ್ಲದೆ ಅಚ್ಚಿಗೆ ಕೊಡಬೇಡಿ. ಬದುಕಿರುವ ಮೂರನೆಯವರ ಕಾಯಿಲೆ, ಸಾಲ, ಜಗಳದ ಸಾಲುಗಳನ್ನು ಬಿಟ್ಟು, ಬಿಟ್ಟಿದ್ದೇವೆಂದು ಚುಕ್ಕಿ ಹಾಕಿ ತೋರಿಸಿ.

ಇನ್ನು ಆ ಹನ್ನೆರಡು ಲೇಖನ. ಒಬ್ಬೊಬ್ಬರಿಗೂ ಒಂದೊಂದೇ ಪ್ರಶ್ನೆ ಬರೆದು ಹಿಂದಕ್ಕೆ ಕಳಿಸಿ: ಅವರು ನಿಮ್ಮ ಯಾವ ಬರಹವನ್ನು ತಿರಸ್ಕರಿಸಿದರು, ಏನೆಂದು? ಯಾವ ವಿಷಯದಲ್ಲಿ ನಿಮ್ಮಿಬ್ಬರಿಗೂ ಕೊನೆಯವರೆಗೂ ಒಮ್ಮತ ಬರಲಿಲ್ಲ? 800 ಪದದ ಮಿತಿ ಹಾಕಿ. ಅವರೊಡನೆ ಮಾತು ಬಿಟ್ಟಿದ್ದವರು ಯಾರಾದರೂ ಇದ್ದರೆ ಅವರನ್ನೂ ಕೇಳಿ. ಬರೆದುಕೊಟ್ಟರೆ ಹೆಚ್ಚಾಗಿ ಅದೇ ಒಳ್ಳೆಯ ಲೇಖನವಾಗಿರುತ್ತದೆ. ಒಂದೇ ಪ್ರಸಂಗ ಐದು ಜನ ಐದು ರೀತಿ ಹೇಳಿದ್ದರೆ, ಕಣ್ಣಾರೆ ಕಂಡವರದ್ದನ್ನು ಉಳಿಸಿ, ಉಳಿದವರಿಗೆ ಕಾರಣ ತಿಳಿಸಿ ಕತ್ತರಿ ಹಾಕಿ. ಹೀಗೆ ಮಾಡಲು ಹೊಣೆ ಹೊತ್ತ ಸಂಪಾದಕ ಒಬ್ಬರೇ ಇರಬೇಕು. ನಾಲ್ವರು ಸೇರಿ ಕತ್ತರಿಸಹೊರಟರೆ ದಾಕ್ಷಿಣ್ಯಕ್ಕೆ ಸಿಕ್ಕಿ ಎಲ್ಲವೂ ಉಳಿದುಕೊಳ್ಳುತ್ತದೆ.

ವರ್ಷದ ಗಡುವಿಗೆ ಗ್ರಂಥ ಆಗದು ಎಂದೇ ನನ್ನ ಅಂದಾಜು. ಆ ದಿನಕ್ಕೆ 32 ಪುಟ, ಅಂದರೆ 16 ಪುಟಗಳ ಎರಡು ಫಾರಂಗಳ (ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಚಿದ ಪುಟಗಳ ಕಟ್ಟು) ಪುಸ್ತಿಕೆ ಸಾಕು. ಅದರಲ್ಲಿ ಜೀವನದ ಕಾಲಾನುಕ್ರಮಣಿಕೆ, ಅವರ ಬರಹಗಳ ಪಟ್ಟಿ, ತಿದ್ದಿದ ಪುಟಗಳು ಇರಲಿ. ಕಾಲಾನುಕ್ರಮಣಿಕೆಗೆ ಮೂರು ಕಾಲಂ ಹಾಕಿಕೊಳ್ಳಿ: ದಿನಾಂಕ, ಘಟನೆ, ಆಧಾರ. ಆಧಾರದ ಕಾಲಂ ಖಾಲಿ ಇದ್ದದ್ದು ಅಚ್ಚಿಗೆ ಹೋಗಬಾರದು. ಪುಸ್ತಿಕೆ ಓದಿದವರು ತಪ್ಪು ತೋರಿಸುತ್ತಾರೆ, ಹೊಸ ಪತ್ರ ಕಳಿಸುತ್ತಾರೆ. ದೊಡ್ಡ ಗ್ರಂಥಕ್ಕೆ ಅದೆಲ್ಲ ಒದಗುತ್ತದೆ.

ಅವರ ಇಮೇಲ್ ಗೂಗಲ್‌ನದಾಗಿದ್ದರೆ ಮನೆಯವರಿಗೆ ಈಗಲೇ ನೆನಪಿಸಿ: ಎರಡು ವರ್ಷ ಬಳಕೆಯಾಗದ ವೈಯಕ್ತಿಕ ಖಾತೆಯನ್ನು ಆ ಕಂಪನಿ ಅಳಿಸಿಹಾಕಬಹುದು.

— ಸಂ.